ತಂಗಡಿ ಗಿಡದ ತಂಟೆ

ರಾಯಚೂರಿನ ನರ್ಸರಿಯೊಂದರಲ್ಲಿ ಹಳದಿ ಹೂ ಬಿಡುವ ತಂಗಡಿ (ಆವರಿಕೆ) ಗಿಡದ ಬೀಜ ಸಿಗಬಹುದೇ ಎಂದು ವಿಚಾರಿಸಿದರೆ, ಅಲ್ಲಿದ್ದ ಹುಡುಗ "ಅಡವಿ ಗಿಡಕ್ಕ ಯಾರ್ ರೊಕ್ಕ ಕೊಡ್ತಾರ್ರೀ ಸರ?" ಎಂದು ನಕ್ಕು, ಕುಂಡದ ಗುಲಾಬಿಗಳತ್ತ ಕೈ ತೋರಿಸಿದ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಎರಡು ಹೊತ್ತು ನೀರು ಬೇಡುವ ಗಿಡಗಳನ್ನೇ ಮಾರಿ ಬದುಕುವವನೊಡನೆ ವಾದಿಸುವುದು ವ್ಯರ್ಥ.

ತಂಗಡಿ ಬೆಳೆಸಲು ದೊಡ್ಡ ವಿದ್ಯೆಯೇನೂ ಬೇಡ. ಗಿಡದಲ್ಲೇ ಒಣಗಿದ ಚಪ್ಪಟೆ ಕಾಯಿಗಳಿಂದ ಬೀಜ ಬಿಡಿಸಿ, ಅವುಗಳ ಗಟ್ಟಿ ಸಿಪ್ಪೆ ಮೆತ್ತಗಾಗುವಂತೆ ಬಿಸಿನೀರು ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟು, ಮುಂಗಾರು ಹಿಡಿದ ಮೇಲೆ ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗದಲ್ಲಿ ನೇರವಾಗಿ ನೆಲಕ್ಕೆ ಊರಬೇಕು. ತಾಯಿಬೇರು ಆಳಕ್ಕಿಳಿಯುವುದರಿಂದ, ದೊಡ್ಡದಾದ ಮೇಲೆ ಕಿತ್ತು ಬೇರೆಡೆ ನೆಡುವುದು ಅದಕ್ಕೆ ಆಗಿಬರುವುದಿಲ್ಲ. ಬೇರೂರಿದ ಮೇಲೆ ಕೊಡ ಹಿಡಿದು ಅದರ ಹಿಂದೆ ತಿರುಗುವ ಅಗತ್ಯವಿಲ್ಲ. ಹೂವಿನಲ್ಲಿ ಮಕರಂದವಿಲ್ಲದಿದ್ದರೂ ದುಂಬಿಗಳು ಬಂದು, ಮೈ ಅದುರಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಕಾಯಿ ಕಟ್ಟುವುದು ಆ ಗುಂಯ್‌ಗುಟ್ಟುವಿಕೆಯ ಫಲ.

ನನ್ನ ಗಿಡಕ್ಕೆ ದುಂಬಿಗಳಿಗಿಂತ ಮೊದಲೇ ಪಕ್ಕದ ಮನೆಯ ಅಕ್ಕನವರು ಬರುತ್ತಿದ್ದರು. ಅದು ಕಸವೆಂದೂ, ಅದರ ಬುಡದಲ್ಲಿ ಹಾವು ಸೇರುತ್ತದೆಂದೂ, ಮರ್ಯಾದಸ್ಥರ ಅಂಗಳಕ್ಕೆ ಅದು ತಕ್ಕುದಲ್ಲವೆಂದೂ ವರ್ಷಗಟ್ಟಲೆ ನನಗೆ ಬುದ್ಧಿ ಹೇಳಿದವರು ಇವರೇ. ತೆಲಂಗಾಣದವರು 2014ರಲ್ಲಿ ಇದನ್ನು ತಮ್ಮ ರಾಜ್ಯಪುಷ್ಪವಾಗಿಸಿದ್ದಾರೆಂದು ಹೇಳಿದರೆ, ಅಲ್ಲಿಯವರಿಗೆ ಬೇರೆ ಹೂವು ಸಿಗಲಿಲ್ಲವೇನೋ ಎಂದಿದ್ದರು. ಅನಂತರ ಅದೇ ತೆಲಂಗಾಣದ ಗದ್ವಾಲದಿಂದ ಅವರಿಗೆ ಸೊಸೆ ಬಂದಳು, ಸೊಸೆಯೊಡನೆ ಬತುಕಮ್ಮ ಹಬ್ಬವೂ ಬಂತು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ತಟ್ಟೆಯಲ್ಲಿ ಹೂವುಗಳನ್ನು ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸುವ ಆ ಹಬ್ಬದಲ್ಲಿ ತಂಗಡಿಗೇ ಅಗ್ರಸ್ಥಾನ. ನಾನು ಬೆಳಗಿನ ಚಹಾ ಮುಗಿಸಿ ಅಂಗಳಕ್ಕೆ ಬರುವ ವೇಳೆಗೆ ಗಿಡದಲ್ಲಿ ಎಲೆಗಳಷ್ಟೇ ಉಳಿದಿರುತ್ತಿದ್ದವು. ಅರಳಲು ಎರಡು ದಿನ ಬೇಕಿದ್ದ ಮೊಗ್ಗುಗಳೂ, ಅವುಗಳೊಡನೆ ಒಂದೆರಡು ರೆಂಬೆಗಳೂ ಹೋಗಿರುತ್ತಿದ್ದವು. ಕೇಳಿದ್ದಕ್ಕೆ, "ದೇವರಿಗೆ ಒಯ್ದೀನ್ರೀ ಅಣ್ಣಾರ, ಕಳವು ಮಾಡಿಲ್ಲ" ಎಂಬ ಉತ್ತರ ಬಂತು. ದೇವರ ಹೆಸರು ಹೇಳಿದ ಮೇಲೆ ಬೇಲಿಗೆ ಬೀಗ ಹಾಕುವುದು ಹೇಗೆ? ಕಸವನ್ನು ಕೇಳದೆ ಒಯ್ದರೆ ತಪ್ಪಿಲ್ಲವೆಂಬುದು ಅವರ ನ್ಯಾಯವಿದ್ದಿರಬೇಕು.

ಹೂವು ಹೋದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಊರ ಹೊರಗಿನ ದಾರಿಯಂಚಿನಿಂದ ತರೋಣವೆಂದರೆ, ರಸ್ತೆ ಅಗಲಿಸಿದವರು ಪೊದೆಗಳನ್ನೆಲ್ಲ ಜೆಸಿಬಿಯಿಂದ ಬಳಿದು ಹಾಕಿದ್ದಾರೆ. ಹೀಗಾಗಿಯೇ ನರ್ಸರಿಯ ಹುಡುಗನಿಂದ ನಗಿಸಿಕೊಳ್ಳಬೇಕಾಯಿತು.

ಈಗ ಅಕ್ಕನವರಿಗೂ ತಮ್ಮ ಅಂಗಳದಲ್ಲೊಂದು ತಂಗಡಿ ಬೇಕಂತೆ. ಬೀಜ ಸಿಕ್ಕರೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಬಿಸಿನೀರಿನ ಸಂಗತಿಯನ್ನು ಮಾತ್ರ ಇನ್ನೂ ಹೇಳಿಲ್ಲ.