ಕಾರವಾರದ ಕಡಲಲ್ಲಿ ಈಗ ಮೀಯುವವರಿಲ್ಲ

ಹೋದ ಭಾನುವಾರ ಸಂಜೆ ಮಗಳನ್ನು ಕರೆದುಕೊಂಡು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿದ್ದೆ. ದಡದಲ್ಲಿ ಪ್ರದರ್ಶನಕ್ಕಿಟ್ಟ ಯುದ್ಧನೌಕೆ ನೋಡಿದೆವು, ವಿಮಾನ ನೋಡಿದೆವು, ಚುರುಮುರಿ ತಿಂದೆವು. ಎಲ್ಲ ಮುಗಿದ ಮೇಲೆ ಅವಳು ಕೇಳಿದಳು, "ಅಪ್ಪಾ, ನೀರಿಗೆ ಯಾಕೆ ಯಾರೂ ಇಳಿದಿಲ್ಲ?"

ಹೌದಲ್ವಾ! ಜಾತ್ರೆಯಷ್ಟು ಜನ. ಅರ್ಧಕ್ಕರ್ಧ ಮಂದಿ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದರು. ನೀರಲ್ಲಿ ಇದ್ದವರು ನಾಲ್ಕೈದು ಹುಡುಗರು ಮಾತ್ರ.

ನಾವು ಶಿರಸಿ ಕಡೆಯವರು. ಅಪ್ಪನಿಗೆ ಕಾರವಾರದಲ್ಲಿ ಕಚೇರಿ ಕೆಲಸ, ಕಾಜುಬಾಗದಲ್ಲಿ ಬಾಡಿಗೆ ಮನೆ. ಶಾಲೆಯಿಂದ ಬಂದು ಚೀಲ ಎಸೆದರೆ ಮುಂದಿನ ಹೆಜ್ಜೆ ಕಡಲಿಗೇ. ಅಮ್ಮನದು ಒಂದೇ ಕರಾರು: ಮನೆಯೊಳಗೆ ಮರಳು ಬರಬಾರದು. ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಸಿಹಿನೀರು ಸುರಿದುಕೊಂಡ ಮೇಲೇ ಒಳಗೆ.

ಅಮ್ಮಮ್ಮನ ಲೆಕ್ಕ ಬೇರೆ. ದೇವಿಮನೆ ಘಟ್ಟ ಇಳಿದು ಅವಳು ನಮ್ಮನೆಗೆ ಬರುತ್ತಿದ್ದುದೇ ಸಮುದ್ರಸ್ನಾನಕ್ಕೆ. ಆದರೆ ದಿನಾ ಇಳಿಯುವಂತಿಲ್ಲ. "ಸುಮ್ನೆ ಸುಮ್ನೆ ಸಮುದ್ರ ಮುಟ್ಟಡ ತಮಾ" ಎಂದು ನನಗೂ ಹೇಳುತ್ತಿದ್ದಳು. ಅಶ್ವತ್ಥ ಮರ ಮತ್ತು ಸಮುದ್ರ ಕೈ ಮುಗಿಯುವುದಕ್ಕೆ, ಮುಟ್ಟುವುದಕ್ಕಲ್ಲವಂತೆ. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ, ಸಂಕ್ರಾಂತಿ, ಅಂಥ ಪರ್ವದಿನಕ್ಕೆ ಮಾತ್ರ ಆ ನಿಯಮಕ್ಕೆ ರಜಾ. ಅವತ್ತು ನಸುಕಿನಲ್ಲೇ ಎಬ್ಬಿಸುತ್ತಿದ್ದಳು. ನಮ್ಮ ಕಡೆ ಸೂರ್ಯ ಗುಡ್ಡ ಹತ್ತಿ ಬರಬೇಕಲ್ಲ, ಬೆಳಕಾದರೂ ಕಡಲು ಬೂದಿ ಬಣ್ಣದಲ್ಲೇ ಇರುತ್ತಿತ್ತು. ನೀರಿಗೆ ಅರಿಶಿನ ಕುಂಕುಮ ಹಾಕಿ, ಒಂದು ಹೂ ಬಿಟ್ಟು, ಮೂಗು ಹಿಡಿದು ಮೂರು ಮುಳುಗು. ಬಾಯಿಗೆ ನೀರು ಹೋದರೆ ಉಗುಳಬಾರದು ಎನ್ನುತ್ತಿದ್ದಳು. ನಾವು ಉಗುಳುತ್ತಿದ್ದೆವು.

ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಸಾಲಿಗೆ ಬರುತ್ತವೆ, ಅದಕ್ಕೇ ಆಗ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ ಎಂದು ಶಾಲೆಯಲ್ಲಿ ಕಲಿತಿದ್ದು ಆಮೇಲೆ. ಅಮ್ಮಮ್ಮನಿಗೆ ಹೇಳಿದೆ. ಅವಳಿಗೆ ಏನೂ ಹೊಸತು ಅನಿಸಲಿಲ್ಲ.

ಈ ತೀರಕ್ಕೆ ಟ್ಯಾಗೋರ್ ಹೆಸರು ಸುಮ್ನೆ ಬಂದಿದ್ದಲ್ಲ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬ್ರಿಟಿಷರ ಕಾಲದ ನಾಗರಿಕ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. ಅಣ್ಣನ ಮನೆಗೆ ಬಂದ ರವೀಂದ್ರನಿಗೆ ಆಗ 22 ವರ್ಷ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿ. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಮರಳಿನ ಮೇಲೆ ನಡೆದು ವಾಪಸಾದದ್ದನ್ನು ಮುಂದೆ ನೆನಪು ಮಾಡಿಕೊಂಡು ಬರೆದಿದ್ದಾರೆ. ಆ ನೆನಪಿನಲ್ಲಿ ಅಂಚಿನ ಗಾಳಿಮರಗಳೂ ಇವೆ. ತಮಾಷೆ ಏನೆಂದರೆ ಆ ಗಾಳಿಮರ ನಮ್ಮೂರಿನದಲ್ಲ. ಸೌದೆಗೆಂದು ಹೊರಗಿನಿಂದ ತಂದು ಈ ಕರಾವಳಿಯಲ್ಲಿ ನೆಟ್ಟದ್ದು 1868ರ ಸುಮಾರಿಗೆ. ಕವಿ ಬರುವ ಹೊತ್ತಿಗೆ ಹದಿನೈದು ವರ್ಷದ ಮರಗಳು.

ಊರೂ ಆಗ ಹಾಗೇ ಎಳೆಯದು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಹೋದ ಮೇಲೆ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಕೋರ್ಟು, ಕಚೇರಿ, ಬಂಗಲೆ ಎಲ್ಲ ಮರಳಿನ ಮಗ್ಗುಲಲ್ಲೇ. ಹಾಗಾಗಿ ಘಟ್ಟದ ಮೇಲಿನವರು ಕೋರ್ಟಿಗೆ ಬಂದರೂ ಸಂಜೆ ಕಾಲು ಒದ್ದೆ ಮಾಡಿಕೊಂಡೇ ಬಸ್ ಹತ್ತುತ್ತಿದ್ದರು. ಕೇಸು ಸೋತರೂ.

ಮೀಯಲು ಇದು ಒಳ್ಳೆಯ ಕಡಲು ಕೂಡ. ಎದುರಿಗೆ ಕೂರ್ಮಗಡ, ದೇವಗಡ ನಡುಗಡ್ಡೆಗಳಿವೆ, ದಕ್ಷಿಣಕ್ಕೆ ಗುಡ್ಡ ಚಾಚಿಕೊಂಡಿದೆ. ದೊಡ್ಡ ಅಲೆಯ ಸೊಕ್ಕು ಅಲ್ಲೇ ಮುರಿಯುತ್ತದೆ. ಹಾಗಂತ ಮೈಮರೆಯಬಾರದು. ಮಳೆಗಾಲದಲ್ಲಿ ಕಾಳಿ ಕೆಂಪು ನೀರು ತಂದು ಸುರಿಯುವಾಗ ಇಳಿಯಲೇಬೇಡಿ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಸಮತಟ್ಟಾಗಿ ಕಂಡರೆ ಅಲ್ಲಿ ಸೆಳೆತ ಇರುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ನನಗೆ ಇದನ್ನು ಕಲಿಸಿದವರು ದಡದಲ್ಲಿ ನಿಂತು ಏಂಡಿ ಬಲೆ ಎಳೆದು ಮೀನು ಹಿಡಿಯುತ್ತಿದ್ದ ಒಬ್ಬ ಹಿರಿಯರು. ಮೊದಲು ಬೈದರು, ಆಮೇಲೆ ಕಲಿಸಿದರು.

ಅವರಂಥವರಿಗೆ ಈ ಮರಳು ಎಷ್ಟು ಮುಖ್ಯ ಎಂದು ಊರಿಗೇ ಗೊತ್ತಾದದ್ದು 2020ರ ಜನವರಿಯಲ್ಲಿ. ಕೇಂದ್ರದ ಬಂದರು ಅಭಿವೃದ್ಧಿ ಯೋಜನೆ ಸಾಗರಮಾಲಾದಲ್ಲಿ ಇಲ್ಲಿನ ಬಂದರು ವಿಸ್ತರಣೆ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಕಾರವಾರ ಬಂದ್ ಆಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಬಿಣಗಾ, ಅರಗಾ ಕಡೆಯ ತೀರಗಳು ಆಗಲೇ ನೌಕಾನೆಲೆಗೆ ಹೋಗಿದ್ದವು. ದೇಶಕ್ಕೆ ಬೇಕಿತ್ತು, ಜನ ಕೊಟ್ಟರು. ಪೇಟೆಗೆ ಅಂಟಿಕೊಂಡು ಉಳಿದದ್ದು ಇದೊಂದೇ.

ಆ ಉಳಿದದ್ದನ್ನು ನಾವೇ ತುಂಬಿಸುತ್ತಿದ್ದೇವೆ ಅನ್ನುವುದು ನನ್ನ ತಕರಾರು. ನೌಕೆ ಇರಲಿ, ಮಕ್ಕಳು ನೋಡಲಿ. ಉತ್ಸವವೂ ಇರಲಿ. ಆದರೆ ಖಾಲಿ ಮರಳು ಕಂಡ ಕೂಡಲೇ ಅಲ್ಲಿ ಏನಾದರೂ ಕಟ್ಟಬೇಕು ಅನ್ನುವ ಚಟ ಯಾಕೆ? ಬಟ್ಟೆ ಬದಲಿಸಲು ಒಂದು ಚೊಕ್ಕ ಕೋಣೆ, ಉಪ್ಪು ತೊಳೆಯಲು ಎರಡು ನಲ್ಲಿ, ಕಾವಲಿಗೆ ಈಜು ಬಲ್ಲವರು. ಮೀಯುವವರಿಗೆ ಇಷ್ಟು ಸಾಕು. ಮೊನ್ನೆ ಒದ್ದೆಯಾದ ಮಗಳಿಗೆ ಫ್ರಾಕ್ ಬದಲಿಸಲು ಕಾರಿನ ಬಾಗಿಲಿಗೆ ಟವೆಲ್ ಕಟ್ಟಬೇಕಾಯಿತು.

ಹೌದು, ಇಳಿದೆವು. ಅವಳ ಪ್ರಶ್ನೆಗೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಪರ್ವದಿನ ಅಲ್ಲ, ಅಮ್ಮಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಅದಕ್ಕೇ ಬರುವ ಅಮಾವಾಸ್ಯೆ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮತ್ತೆ ಹೋಗುವುದೆಂದು ಮಾತಾಗಿದೆ. ಬರುವವರು ಬನ್ನಿ. ಟವೆಲ್ ನಿಮ್ಮದು, ಆಮೇಲಿನ ಬನ್ಸ್-ಭಾಜಿ ನನ್ನ ಲೆಕ್ಕ.