ಹತ್ತಕ್ಕೇ ದೊಡ್ಡವನಾದ ಮೊಮ್ಮಗ

ನಮ್ಮಲ್ಲಿ ಮತ ಹಾಕಬೇಕೆಂದರೆ 18 ತುಂಬಬೇಕು. ಅಮೆರಿಕದಲ್ಲಿ ಬಿಯರ್ ಕುಡಿಯಬೇಕೆಂದರೆ 21. ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಥೀಮ್ ಪಾರ್ಕಿನ ರೆಸಾರ್ಟಿಗೆ ಹೋಗಿ ಬಫೆ ಊಟಕ್ಕೆ ಕೂತರೆ ಮಾತ್ರ ಮನುಷ್ಯ 10ಕ್ಕೇ ದೊಡ್ಡವನಾಗುತ್ತಾನೆ. ಒಂಬತ್ತರವರೆಗೆ ಮಕ್ಕಳ ದರ. ಹತ್ತನೇ ಕೇಕ್ ಕತ್ತರಿಸಿದ ಮೇಲೆ ಅಪ್ಪನಿಗೂ ತಾತನಿಗೂ ಅವನಿಗೂ ಒಂದೇ ದರ.

ನಮ್ಮ ಮೊಮ್ಮಗ ಹತ್ತನೇ ಹುಟ್ಟುಹಬ್ಬವನ್ನು ಅಲ್ಲೇ ಮಾಡಿಕೊಂಡ. ಅವನು ತಿನ್ನುವುದು ಬಿಳಿ ಪಾಸ್ತಾ ಒಂದೇ. ಸಾಸ್ ತಾಗಬಾರದು, ಚೀಸ್ ಉದುರಿಸಬಾರದು, ಪಕ್ಕದಲ್ಲಿ ಬಟಾಣಿ ಇಣುಕಬಾರದು. ಮೂರು ಗೋಡೆ ಉದ್ದಕ್ಕೂ ಜೋಡಿಸಿಟ್ಟ ಬಫೆಯಲ್ಲಿ ಅವನು ತಿಂದದ್ದು ಅರ್ಧ ಬಟ್ಟಲು ಬಿಳಿ ಪಾಸ್ತಾ, ಮೂರು ಸ್ಟ್ರಾಬೆರಿ. ದರ 64 ಡಾಲರ್. ಅದರ ಮೇಲೆ 6.5 ಪರ್ಸೆಂಟ್ ತೆರಿಗೆ. ನಮ್ಮ ಬೀಗಿತ್ತಿಯೂ ಬಂದಿದ್ದರಿಂದ ನಾವು ಆರು ಜನ ಆಗಿದ್ದೆವು. ಆರು ಜನ ಆದರೆ 18 ಪರ್ಸೆಂಟ್ ಟಿಪ್ಸನ್ನು ಅವರೇ ಬಿಲ್ಲಿಗೆ ಸೇರಿಸಿಬಿಡುತ್ತಾರೆ. ನಮಗೆ ಮರೆತುಹೋದೀತು ಎಂಬ ಕಾಳಜಿ ಇರಬೇಕು.

ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಬಿಲ್ ಬಂದ ಕೂಡಲೇ ಡಾಲರಿಗೆ 85 ರೂಪಾಯಿ ಹಿಡಿದು ಬಾಯಲ್ಲೇ ಗುಣಿಸಿದರು. "ಇವನೊಬ್ಬನ ಪಾಸ್ತಾಗೇ 6,800 ರೂಪಾಯಿ."

"ಅಪ್ಪಾ, ಗುಣಿಸಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ? ಸುಮ್ನೆ ತಿನ್ನಿ" ಅಂದಳು ಮಗಳು.

"ಗುಣಿಸಿದ ಮೇಲೆ ಗಂಟಲಲ್ಲಿ ಇಳೀಬೇಕಲ್ಲಮ್ಮಾ!"

ಅಷ್ಟರಲ್ಲಿ ಬಟ್ಟೆಯ ದೊಡ್ಡ ಕರಡಿಯೊಂದು ನಮ್ಮ ಟೇಬಲ್ಲಿಗೆ ಬಂದು ಎಲ್ಲರ ಬೆನ್ನು ತಟ್ಟಿತು. ಊಟದ ಮಧ್ಯೆ ಇಂಥ ವೇಷಗಳು ಬಂದು ಫೋಟೊಗೆ ನಿಲ್ಲುತ್ತವೆ. 64 ಡಾಲರಿನಲ್ಲಿ ಮುಕ್ಕಾಲು ಪಾಲು ಆ ಕರಡಿಗೇ ಹೋಗಿರಬೇಕು, ಪಾಸ್ತಾಗಲ್ಲ. ಹುಟ್ಟುಹಬ್ಬದ ಹುಡುಗ ಕರಡಿಯನ್ನು ನೋಡಿ "ನಾನೀಗ ದೊಡ್ಡವನು" ಅಂತ ಮುಖ ತಿರುಗಿಸಿದ. ಕೊನೆಗೆ ಫೋಟೊಗೆ ನಿಂತದ್ದು ಬೀಗಿತ್ತಿ. ಅವರು ಯಾವುದಕ್ಕೂ ಇಲ್ಲ ಅನ್ನುವವರಲ್ಲ. ಏನು ಕೊಟ್ಟರೂ "ಚೆನ್ನಾಗಿದೆ" ಅನ್ನುತ್ತಾರೆ. ಅಂಥವರ ಜೊತೆ ಪ್ರವಾಸ ಮಾಡುವುದು ಬಹಳ ಕಷ್ಟ, ಬೈಯಲಿಕ್ಕೆ ಜೊತೆ ಸಿಗುವುದಿಲ್ಲ.

ರೆಸಾರ್ಟ್ ಅಂದರೆ ನಮಗೆಲ್ಲ ನೆನಪಾಗುವುದು ಸರ್ಕಾರ ಅಲುಗಾಡಿದಾಗ ಬಸ್ಸಿನಲ್ಲಿ ಹೋಗಿ ಉಳಿದುಕೊಳ್ಳುವ ನಮ್ಮ ಶಾಸಕರು. ಅವರು ಊಟದ ಬಗ್ಗೆ ದೂರಿದ್ದನ್ನು ನಾನು ಯಾವ ಪೇಪರಿನಲ್ಲೂ ಓದಿಲ್ಲ. ಬಿಲ್ ಬೇರೆಯವರು ಕಟ್ಟಿದರೆ ರುಚಿಯೇ ಬೇರೆ, ಅಲ್ವಾ?

ನಾವು ಉಳಿದಿದ್ದ ಜಾಗದ ಹೆಸರು ಬೇಡ. ಒರ್ಲ್ಯಾಂಡೊದಲ್ಲಿ ಥೀಮ್ ಪಾರ್ಕುಗಳಿಗೇನೂ ಬರವಿಲ್ಲ, ಯಾವುದೆಂದು ಬೇಕಾದರೂ ಅಂದುಕೊಳ್ಳಿ. ಹೋಗುವ ಎರಡು ತಿಂಗಳ ಮುಂಚೆಯೇ ಅಳಿಯ ಬೆಳಗಿನ ಜಾವ ಎದ್ದು, ಲ್ಯಾಪ್‌ಟಾಪ್ ಮುಂದೆ ಕೂತು, ಬಫೆಯಲ್ಲದೆ ಇನ್ನೊಂದು ಹೋಟೆಲಿನಲ್ಲೂ ಊಟಕ್ಕೆ ಟೇಬಲ್ ಹಿಡಿದಿದ್ದ. ಮಂಗಳವಾರ ಸಂಜೆ ಐದು ಹತ್ತಕ್ಕೆ ನಮಗೆ ಹಸಿವಾಗಬೇಕು ಅಂತ ಎರಡು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ಹೋಗದಿದ್ದರೆ ತಲೆಗೆ 10 ಡಾಲರ್ ದಂಡ. ಹಾಗಾಗಿ ಐದು ಹತ್ತಕ್ಕೆ, ಮನೆಯಲ್ಲಾದರೆ ಎರಡನೇ ಕಾಫಿ ಕುಡಿಯುವ ಹೊತ್ತಿಗೆ, ರಾತ್ರಿಯೂಟಕ್ಕೆ ಕೂತೆವು.

ಅಲ್ಲಿ ನಾನು ತರಿಸಿಕೊಂಡದ್ದು ಹೂಕೋಸಿನ ಸ್ಟೇಕ್. ಬೇರೆ ದಾರಿ ಇರಲಿಲ್ಲ. ಕೋವಿಡ್‌ಗೆ ಮುಂಚೆ ಬಂದಾಗ ಕಡಲೆಕಾಳಿನ ಪಲ್ಯ, ಅನ್ನ, ಏನೋ ಒಂದು ಸೊಪ್ಪಿನ ಸೂಪು ಎಲ್ಲ ಇತ್ತು ಅಂತ ಮಗಳು ಹೇಳುತ್ತಲೇ ಬಂದಿದ್ದಳು. ಈಗ ಮೆನು ಒಂದೇ ಪುಟಕ್ಕೆ ಇಳಿದಿತ್ತು. ಅದರಲ್ಲಿ ನಮ್ಮಂಥವರಿಗೆ ಎರಡು ಐಟಂ. ಒಂದು, ಗಿಡದಿಂದಲೇ ಮಾಡಿದ್ದಂತೆ, ಆದರೆ ಕತ್ತರಿಸಿದರೆ ಕೆಂಪು ರಸ ಬರುವ ಬರ್ಗರ್. ಮಾಂಸವನ್ನೇ ಮುಟ್ಟದವರು ಮಾಂಸದ ನಕಲನ್ನು ಯಾಕೆ ಹುಡುಕಿಕೊಂಡು ಹೋಗುತ್ತಾರೆ ಅನ್ನುವುದು ಈ ದೇಶದವರಿಗೆ ಹೇಗೆ ಹೊಳೆಯುವುದಿಲ್ಲವೋ ಕಾಣೆ. ಇನ್ನೊಂದು ಈ ಹೂಕೋಸು. 29 ಡಾಲರ್.

ದೊಡ್ಡ ತಟ್ಟೆ ಬಂತು. ನಡುವೆ ಒಂದು ಅಂಗುಲ ದಪ್ಪದ ಹೂಕೋಸಿನ ಹೋಳು, ಎರಡೂ ಕಡೆ ಕಬ್ಬಿಣದ ಬರೆ. ಸುತ್ತ ಹಸಿರು ಚುಕ್ಕಿಗಳು. ಚುಕ್ಕಿ ಇಟ್ಟು ರಂಗೋಲಿ ಎಳೆಯುವುದನ್ನು ಮರೆತರೇನೋ. ಬಾಯಿಗಿಟ್ಟೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರಲ್ಲಿ ನಮ್ಮ ಸರ್ಕಾರ ಆದೇಶ ಹೊರಡಿಸಿತ್ತು ನೋಡಿ. ಇಲ್ಲಿ ಬಣ್ಣದ ಜೊತೆಗೆ ಉಪ್ಪು, ಖಾರ, ಎಣ್ಣೆ ಎಲ್ಲವನ್ನೂ ನಿಷೇಧಿಸಿರಬೇಕು.

"ಹೇಗಿದೆ ಅತ್ತೆ?" ಅಂತ ಅಳಿಯ ಕೇಳಿದ. ಪಾಪ, ಟೇಬಲ್ ಹಿಡಿದವನು ಅವನು.

ನಾನು ಬಾಯಿ ತೆರೆಯುವ ಮೊದಲೇ ಬೀಗಿತ್ತಿ "ಚೆನ್ನಾಗಿದೆ" ಅಂದರು. ಅವರ ತಟ್ಟೆಯಲ್ಲೂ ಅದೇ ಹೋಳು. ಅದರ ಮೇಲೆ ಅವರು ಆಗಲೇ ಕೈಚೀಲದಿಂದ ತೆಗೆದ ಚಟ್ನಿಪುಡಿ ಉದುರಿಸಿಕೊಂಡಿದ್ದರು!

ಆ ಚಟ್ನಿಪುಡಿಯದ್ದೇ ಇನ್ನೊಂದು ಕಥೆ. ಗೇಟಿನಲ್ಲಿ ಬ್ಯಾಗ್ ತಪಾಸಣೆ ಇತ್ತು. ಹೊರಗಿನ ತಿಂಡಿ ತರಬಹುದು, ಗಾಜಿನ ಬಾಟಲಿ ತರಬಾರದು ಅಂತ ಬೋರ್ಡ್ ಇತ್ತು. ಹಾಗಾಗಿ ಬೀಗಿತ್ತಿ ಬಾಟಲಿಯಿಂದ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಿದ್ದರು. ಪಾರದರ್ಶಕ ಕವರಿನಲ್ಲಿ ಇಟ್ಟಿಗೆ ಬಣ್ಣದ ಪುಡಿ. ಸಮವಸ್ತ್ರದ ಹೆಂಗಸು ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಬ್ಬನನ್ನು ಕರೆದಳು. ಮಗಳು ಇದು ಮಸಾಲೆ, ಅನ್ನಕ್ಕೆ ಕಲಸಿಕೊಳ್ಳುತ್ತೇವೆ ಅಂತ ವಿವರಿಸುತ್ತಿದ್ದಳು. ಅವಳು ಕವರ್ ಬಿಚ್ಚಿ ಮೂಗಿನ ಹತ್ತಿರ ತಂದಳು. ಬ್ಯಾಡಗಿ ಜೊತೆ ಗುಂಟೂರು ಮೆಣಸಿನಕಾಯಿಯೂ ಬಿದ್ದ ಪುಡಿ ಅದು. ಹಿಂದೆ ಕ್ಯೂನಲ್ಲಿದ್ದ ಮಕ್ಕಳು ಸೀನನ್ನು ಎಣಿಸತೊಡಗಿದರು. ಕಣ್ಣು ಒರೆಸಿಕೊಳ್ಳುತ್ತಲೇ ಆಕೆ ಕೈಸನ್ನೆಯಲ್ಲಿ ಹೋಗಿ ಹೋಗಿ ಅಂದಳು. ಪಾರ್ಕಿನೊಳಗೆ ನಮಗೆ ಖಾರ ಸಿಕ್ಕಿದ್ದು ಅದೊಂದೇ.

ಮಧ್ಯಾಹ್ನದ ಊಟ ಮೊಬೈಲಿನಲ್ಲಿ. ಕೌಂಟರಿಗೆ ಹೋಗಿ ಬಾಯಲ್ಲಿ ಹೇಳಿದರೆ ಆ್ಯಪ್‌ನಲ್ಲಿ ಆರ್ಡರ್ ಮಾಡಿ ಅಂತ ಕಳಿಸುತ್ತಾರೆ. ಮೊದಲು ದುಡ್ಡು ಕಟ್ಟಬೇಕು, ಮೇಲೆ ಒಂದು ಸಮಯ ಆರಿಸಬೇಕು. ಹೋಟೆಲಿನ ಹತ್ತಿರ ಬಂದ ಮೇಲೆ "ಬಂದಿದ್ದೇನೆ" ಅನ್ನುವ ಬಟನ್ ಒತ್ತಬೇಕು. ಆಗ ಒಲೆ ಹತ್ತುತ್ತದೆ. ದೊಡ್ಡವನಾಗಿದ್ದ ನಮ್ಮ ಮೊಮ್ಮಗ ಅಪ್ಪನ ಫೋನ್ ಹಿಡಿದು ಆ ಬಟನ್ ಒತ್ತಿದ. ಆಗ ನಾವು ಪಾರ್ಕಿನ ಇನ್ನೊಂದು ತುದಿಯಲ್ಲಿ, ದೋಣಿಯಾಟದ ಕ್ಯೂನಲ್ಲಿದ್ದೆವು. ಮುಂದೆ 70 ನಿಮಿಷ ಅಂತ ಬೋರ್ಡ್ ಇತ್ತು, ಹಿಂದಕ್ಕೆ ಹೋಗೋಣವೆಂದರೆ ಜನ. ದೋಣಿ ಇಳಿದು ಫ್ಲಾರಿಡಾದ ಬಿಸಿಲಿನಲ್ಲಿ ಓಡಿ ಹೋದಾಗ ನಮ್ಮ ಹೆಸರಿನ ಟ್ರೇ ಒಂದು ಮೂಲೆಯಲ್ಲಿ ಕಾಯುತ್ತಿತ್ತು. ಪಿಜ್ಜಾ ಮೇಲಿನ ಚೀಸ್ ರಬ್ಬರಾಗಿತ್ತು. ಫ್ರೈಸ್ ಒಂದಕ್ಕೊಂದು ಅಂಟಿಕೊಂಡಿದ್ದವು.

ಅದನ್ನೇ ಹಿಡಿದು ಹೊರಗಿನ ಬೆಂಚಿಗೆ ಬಂದೆವು. ಯಜಮಾನರು ಬಿಲ್ ನೋಡುತ್ತಿದ್ದಾಗ ಉದ್ದ ಬಾಗಿದ ಕೊಕ್ಕಿನ ಬಿಳಿ ಹಕ್ಕಿಯೊಂದು ಟೇಬಲ್ ಏರಿ ಫ್ರೈಸ್ ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಐಬಿಸ್ ಅಂತೆ, ಫ್ಲಾರಿಡಾ ತುಂಬ ಇವೆ. ಇದರ ನೆಂಟರನ್ನು ನಾನು ರಂಗನತಿಟ್ಟಿನಲ್ಲಿ ನೋಡಿದ್ದೇನೆ. ಅಲ್ಲಿಯವು ಮರ್ಯಾದಸ್ಥರು, ಮೀನು, ಕಪ್ಪೆ ಹಿಡಿದು ದುಡಿದು ತಿನ್ನುತ್ತವೆ. ಯಜಮಾನರು ಎದ್ದು ಹಕ್ಕಿಯ ಹಿಂದೆ ನಾಲ್ಕು ಹೆಜ್ಜೆ ಓಡಿದರು. "ಐದೂವರೆ ಡಾಲರ್ ಕಣೇ ಅದು!" ಪಕ್ಕದ ಟೇಬಲ್ಲಿನವರು ವಿಡಿಯೊ ತೆಗೆದರು.

ಅಳಿಯನಿಗೆ ಥೀಮ್ ಪಾರ್ಕ್ ಅಂದರೆ ಹುಚ್ಚು. ಕ್ಯೂನಲ್ಲಿ ನಿಂತಾಗೆಲ್ಲ ಅವುಗಳ ಚರಿತ್ರೆ ಹೇಳುತ್ತಾನೆ. ಡಿಸ್ನಿಲ್ಯಾಂಡ್ ಬಾಗಿಲು ತೆರೆದ 1955ರ ಜುಲೈ 17ರಂದು ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿ, ಹೋಟೆಲುಗಳಲ್ಲಿ ತಿಂಡಿಯೇ ಖಾಲಿಯಾಯಿತಂತೆ. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿಗೂ ಪರದಾಟ. ಅಂದರೆ ಪಾರ್ಕಿನಲ್ಲಿ ಹಸಿವು ಮೊದಲ ದಿನದಿಂದಲೇ ಬಂದ ಸಂಪ್ರದಾಯ ಅಂದೆ ನಾನು.

"ಇಲ್ಲ ಅತ್ತೆ, ಇದಕ್ಕೂ ಮೊದಲಿನದು ಇನ್ನೊಂದಿದೆ" ಅಂತ ಅವನು ಹೇಳಿದ ಕಥೆ ನನಗೆ ಬಹಳ ಹಿಡಿಸಿತು. ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಅನ್ನುವ ಊರಿನಲ್ಲಿ ವಾಲ್ಟರ್ ನಾಟ್ ಅಂತೊಬ್ಬರು ಬೆರ್ರಿ ಹಣ್ಣು ಬೆಳೆದು ರಸ್ತೆ ಬದಿ ಮಾರುತ್ತಿದ್ದರು. ಕೈ ಬಿಗಿಯಾದ ಕಾಲ. 1934ರಲ್ಲಿ ಅವರ ಹೆಂಡತಿ ಕೊರ್ಡೀಲಿಯಾ, ತಮ್ಮ ಮದುವೆಗೆ ಬಂದ ಪಿಂಗಾಣಿ ತಟ್ಟೆಗಳನ್ನೇ ತೆಗೆದು, ಗಿರಾಕಿಗಳಿಗೆ ಕೋಳಿ ಊಟ ಬಡಿಸತೊಡಗಿದರು. ತಟ್ಟೆಗೆ 65 ಸೆಂಟ್. ಕೈರುಚಿ ಊರೂರಿಗೆ ಹಬ್ಬಿ ಗಂಟೆಗಟ್ಟಲೆ ಕ್ಯೂ ಶುರುವಾಯಿತು. ಕಾದವರಿಗೆ ಬೇಜಾರಾಗಬಾರದು ಅಂತ 1940ರಲ್ಲಿ ಗಂಡ ಪಕ್ಕದಲ್ಲೇ ಹಳೇ ಕಾಲದ ಊರೊಂದನ್ನು ಕಟ್ಟಿಸಲು ಹೊರಟರು. ನೋಡಲು ಅದು ಇದು ಸೇರುತ್ತ ಸೇರುತ್ತ ನಾಟ್ಸ್ ಬೆರ್ರಿ ಫಾರ್ಮ್ ಅನ್ನುವ ಪೂರ್ತಿ ಥೀಮ್ ಪಾರ್ಕೇ ಆಯಿತು. ಕೋಳಿ ನನಗೆ ಬೇಡ. ಆದರೆ ಆ ತಾಯಿಯ ಕೈಗೊಂದು ನಮಸ್ಕಾರ.

ಯೋಚಿಸಿ ನೋಡಿ. ಊಟಕ್ಕೆ ಕಾಯುವವರಿಗಾಗಿ ಆಟ ಹುಟ್ಟಿತು. ಈಗ ಆಟಕ್ಕೆ ಕಾಯುವವರ ಹೊಟ್ಟೆ ನೋಡಿಕೊಂಡು ಊಟ ಮಾರುತ್ತಾರೆ. ಜನರನ್ನು ಒಳಗೆ ಕರೆಯುವುದು ಊಟವೇ ಆಗಿದ್ದರೆ ಅಡುಗೆಯವರು ಮೈಯೆಲ್ಲ ಕಣ್ಣಾಗಿ ಮಾಡುತ್ತಾರೆ. ಜನ ಆಗಲೇ ನೂರಾರು ಡಾಲರ್ ಟಿಕೆಟ್ ಕೊಟ್ಟು ಒಳಗೆ ಬಂದಾಗಿದೆ, ಗೇಟು ಒಂದು ಮೈಲಿ ದೂರ, ಮಗು ಅಳುತ್ತಿದೆ ಅಂದರೆ ಹೂಕೋಸಿಗೆ ಉಪ್ಪು ಯಾರು ನೋಡುತ್ತಾರೆ?

ಇದಕ್ಕೆ ಸಾಕ್ಷಿ ಅಮೆರಿಕದಲ್ಲೇ ಇದೆ. ಅಲ್ಲಿನ ನಮ್ಮ ಜನ ಭಾನುವಾರ ತಪ್ಪದೆ ಹೋಗುವ ಕಾಸ್ಟ್‌ಕೊ ಅಂಗಡಿಯಲ್ಲಿ ಹಾಟ್ ಡಾಗ್, ಜೊತೆಗೊಂದು ಸೋಡಾ, 1980ರ ದಶಕದಿಂದ ಈವತ್ತಿಗೂ ಒಂದೂವರೆ ಡಾಲರ್. ಜನ ಬರಲಿ, ಬಂದವರು ಗಾಡಿ ತುಂಬ ಅಕ್ಕಿ, ಬಾದಾಮಿ, ಟಿಷ್ಯೂ ಪೇಪರ್ ಕೊಳ್ಳಲಿ ಅನ್ನುವ ಲೆಕ್ಕ. ನಮ್ಮ ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ದರ್ಶನದ ಕ್ಯೂ ಮುಗಿಸಿದವರಿಗೆ ಬಿಸಿ ಅನ್ನ, ಸಾರು, ಪಾಯಸ. ಅಲ್ಲಿ ದುಡ್ಡೇ ಕೇಳುವುದಿಲ್ಲ, ಗುಣಿಸಲು ಯಜಮಾನರಿಗೆ ಏನೂ ಸಿಗುವುದಿಲ್ಲ.

ಅಳಿಯ ಪಾರ್ಕಿನ ಪರ ವಕೀಲ. "ಮಾವ, ಎಲ್ಲ ಕಡೆ ಜಾಸ್ತಿಯಾಗಿದೆ. ಹೊರಗೆ ತಿನ್ನುವ ಊಟದ ಬೆಲೆ ಅಮೆರಿಕದಲ್ಲಿ 2022ರಲ್ಲಿ ಸುಮಾರು 7.7 ಪರ್ಸೆಂಟ್ ಏರಿತು. 2023ರಲ್ಲಿ ಮತ್ತೆ 7.1. ಫ್ಲಾರಿಡಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ ಆಗಬೇಕು ಅಂತ ಜನರೇ 2020ರಲ್ಲಿ ಮತ ಹಾಕಿದ್ದಾರೆ. 2021ರಿಂದ ವರ್ಷಕ್ಕೊಂದು ಡಾಲರ್ ಏರಿಸಿಕೊಂಡು ಬರುತ್ತಿದ್ದಾರೆ."

ಏರಲಿ. ನಮಗೆ ಬಡಿಸಿದ ಹುಡುಗಿ ಬೆಳಗಿನಿಂದ ನಿಂತೇ ಇದ್ದಳು. ಅವಳಿಗೆ ಇನ್ನೂ ಜಾಸ್ತಿ ಕೊಡಲಿ, ಯಾರು ಬೇಡ ಅಂದರು? ನಾನು ಕೇಳಿದ್ದು ಒಂದೇ, ಹೂಕೋಸಿಗೆ ಎರಡು ಕಾಳು ಉಪ್ಪು ಹಾಕಲು ಗಂಟೆಗೆ ಎಷ್ಟಾಗುತ್ತದೆ? ಸಂಬಳ ಏರಿದ್ದಕ್ಕೆ ಬೆಲೆ ಏರಿತು, ಸರಿ. ರುಚಿ ಇಳಿದದ್ದು ಯಾಕೆ?

ಇದಕ್ಕೆ ಅವನು ಡಿಸ್ನಿ ವರ್ಲ್ಡಿನ ಊಟದ ಸ್ಕೀಮಿನ ಉದಾಹರಣೆ ಕೊಟ್ಟ. ಮುಂಗಡ ದುಡ್ಡು ಕಟ್ಟಿದರೆ ಮೊದಲೆಲ್ಲ ಊಟದ ಮುಂಚಿನ ತಿನಿಸು, ಟಿಪ್ಸು ಎರಡೂ ಅದರಲ್ಲೇ ಸೇರಿತ್ತಂತೆ. 2008ರಲ್ಲಿ ಎರಡನ್ನೂ ತೆಗೆದರು. 2020ರಲ್ಲಿ ಕೋವಿಡ್ ಬಂದು ಸ್ಕೀಮೇ ನಿಂತಿತು. 2024ರ ಜನವರಿಯಲ್ಲಿ ಮತ್ತೆ ಶುರು. ಪ್ರಶ್ನೆಗೂ ಈ ಉತ್ತರಕ್ಕೂ ಸಂಬಂಧ ಏನು ಅಂತ ನಾನು ಕೇಳಲಿಲ್ಲ. ಅಳಿಯನನ್ನು ಎಷ್ಟು ಅಂತ ಕೇಳುವುದು?

ಕೊನೆಕೊನೆಗೆ ನಮಗೊಂದು ಉಪಾಯ ಹೊಳೆಯಿತು. ಕೌಂಟರಿನಲ್ಲಿ ಕೇಳಿದರೆ ಲೋಟದ ತುಂಬ ಐಸ್ ನೀರು ಪುಕ್ಕಟೆ. ಬಿಸಿನೀರೂ ಪುಕ್ಕಟೆ. ಅದರೊಳಗೆ ಅವರು ಟೀ ಬ್ಯಾಗ್ ಇಳಿಬಿಟ್ಟರೆ ಮಾತ್ರ 4 ಡಾಲರ್. ಬೀಗಿತ್ತಿಯ ಚೀಲದಲ್ಲಿ ಬಿಸಿನೀರು ಹಾಕಿದರೆ ತಯಾರಾಗುವ ಗೊಜ್ಜವಲಕ್ಕಿಯ ಪೊಟ್ಟಣಗಳಿದ್ದವು. ರೋಲರ್ ಕೋಸ್ಟರಿನ ಕೆಳಗೆ, ಮೇಲಿನಿಂದ ಜನರ ಕಿರುಚಾಟ ಕೇಳುತ್ತಿರುವಾಗ, ಕಾಗದದ ಲೋಟದಲ್ಲಿ ಗೊಜ್ಜವಲಕ್ಕಿ ತಿಂದೆವು. ಬೀಗಿತ್ತಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಮುಂದಾಗಿದೆ" ಅಂದರು. ಪ್ರವಾಸದಲ್ಲಿ ಅವರು ಊಟದ ಬಗ್ಗೆ ಮಾಡಿದ ಒಂದೇ ಟೀಕೆ ಅದು.

ಮನೆಗೆ ಬಂದ ಮೇಲೆ ರೆಸಾರ್ಟಿನಿಂದ ಮೇಲ್ ಬಂತು. ಊಟ ಹೇಗಿತ್ತು, ನಾಲ್ಕು ಮಾತು ಬರೆಯಿರಿ ಅಂತ. ಯಜಮಾನರು ಕನ್ನಡಕ ಏರಿಸಿ ಕೂತರು. ಬ್ಯಾಂಕಿನಲ್ಲಿ ಹೆಡ್ ಆಫೀಸಿಗೆ ಬರೆದು ಪಳಗಿದ ಕೈ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಅನ್ನುವಷ್ಟನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವ ಹೊತ್ತಿಗೆ ಬಾಕ್ಸ್ ತುಂಬಿಹೋಯಿತು. ಅಷ್ಟನ್ನೇ ಕಳಿಸಿದರು. ನಿಮಿಷದೊಳಗೆ ಉತ್ತರ ಬಂತು. ನಿಮ್ಮ ಮೆಚ್ಚುಗೆಯ ಮಾತಿಗೆ ವಂದನೆ, ಮುಂದಿನ ಬಫೆಯಲ್ಲಿ 10 ಪರ್ಸೆಂಟ್ ರಿಯಾಯಿತಿ, ದೊಡ್ಡವರಿಗೆ ಮಾತ್ರ. ಅವರು ಅದನ್ನು ಪ್ರಿಂಟ್ ತೆಗೆಸಿ ಜಯನಗರದ ಮನೆಯ ಬೀರುವಿನಲ್ಲಿ, ಫಿಕ್ಸೆಡ್ ಡೆಪಾಸಿಟ್ ರಸೀತಿಗಳ ಜೊತೆ ಇಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದು, ಹತ್ತು ತುಂಬಿದ್ದರೆ ಹೇಳಿ.