ಹಾರ್ಟ್ ಬೈಪಾಸ್ ಆಪರೇಷನ್‌ಗೆ ಬರುವಾಗ ಮೂರು ತಿಂಗಳ ಶುಗರ್ ಹೇಳಿ

"ಸಾರ್, ಬೆಳಿಗ್ಗೆ ಶುಗರ್ 120 ಇತ್ತು, ಕಂಟ್ರೋಲಲ್ಲೇ ಇದೆ." ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಎಲ್ಲಿಂದ ಬಂದವರೂ ಹೀಗೇ ಹೇಳುತ್ತಾರೆ. ಎರಡು ದಿನ ಮುದ್ದೆ, ಅನ್ನ ಬಿಟ್ಟರೆ ಎಷ್ಟೋ ಜನಕ್ಕೆ ಶುಗರ್ ಇಳಿಯುತ್ತದೆ. ನಮಗೆ ಬೇಕಾದದ್ದು ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ. ಅದು ಶೇಕಡಾ 8 ದಾಟಿದ್ದರೆ ಎದೆಯ ಗಾಯಕ್ಕೆ ಸೋಂಕಾಗುವ ಭಯ ಜಾಸ್ತಿ.

ಹಾರ್ಟ್-ಲಂಗ್ ಮೆಷಿನ್ ನಡೆಸುವುದು ನನ್ನ ಕೆಲಸ. ಹೃದಯ ನಿಲ್ಲಿಸಿರುವಷ್ಟು ಹೊತ್ತು ಮೈಗೆಲ್ಲ ರಕ್ತ ಹರಿಸುವುದು ಈ ಪಂಪೇ. ಆಗಾಗ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ರಕ್ತದ ಆಕ್ಸಿಜನ್, ಆಮ್ಲ ಅಳೆಯುವ ಎಬಿಜಿ ಮೆಷಿನ್‌ಗೆ ಕೊಡುತ್ತೇವೆ. ಸ್ವಲ್ಪ ಹೊತ್ತಿಗೇ ಚೀಟಿ ಬರುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ಲ್ಯಾಕ್ಟೇಟ್ ಮೇಲೆ, ಅಂದರೆ ಅಂಗಗಳಿಗೆ ಆಕ್ಸಿಜನ್ ಸಾಲದಾದಾಗ ರಕ್ತದಲ್ಲಿ ಏರುವ ಅಂಶ. 2ರೊಳಗಿದ್ದರೆ ನೆಮ್ಮದಿ. 4 ದಾಟಿತೋ, ಹುಡುಕಾಟ ಶುರು. ಪಂಪ್ ಫ್ಲೋ ಸಾಕಾ? ಹಿಮೋಗ್ಲೋಬಿನ್ ಇಳಿಯಿತಾ? ಯಾವ ಅಂಗಕ್ಕೆ ಆಕ್ಸಿಜನ್ ಸಾಲುತ್ತಿಲ್ಲ? ಹೃದಯಕ್ಕೆ ಬಲ ಕೊಡುವ ಅಡ್ರಿನಲಿನ್ ಔಷಧಿ ಕೊಟ್ಟಿದ್ದರೂ ಲ್ಯಾಕ್ಟೇಟ್ ಏರುತ್ತದೆ, ಜೊತೆಗೆ ಶುಗರ್ ಕೂಡ. ಆಪರೇಷನ್ನಿನ ಒತ್ತಡಕ್ಕೆ ಶುಗರ್ ಕಾಯಿಲೆ ಇಲ್ಲದವರಿಗೇ ಶುಗರ್ ಏರುತ್ತದೆ. ಇನ್ನು ವರ್ಷಗಟ್ಟಲೆ ಶುಗರ್ ಇರುವವರ ಸಣ್ಣ ರಕ್ತನಾಳಗಳು, ಕಿಡ್ನಿ ಮೊದಲೇ ಸೊರಗಿರಬಹುದು. ಇನ್ಸುಲಿನ್ ಡ್ರಿಪ್ ಹಾಕಿ 180ರೊಳಗೆ ಇಡಲು ನೋಡುತ್ತೇವೆ. ಆದರೆ ಹಳೆಯ ಹಾನಿಯನ್ನು ಆ ಡ್ರಿಪ್ ಸರಿಮಾಡಲ್ಲ.

ನನಗೆ ನಿಜಕ್ಕೂ ಭಯವಾಗುವುದು ಮಾತ್ರೆಗಳ ವಿಷಯದಲ್ಲಿ. ಶುಗರನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ಹೆಚ್ಚೇನೂ ಏರದಿದ್ದರೂ ಕೀಟೋನ್ (ಮೈ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ) ತುಂಬಿ ರಕ್ತ ಆಮ್ಲವಾಗಬಹುದು. ಆಗ ಇದು ಲ್ಯಾಕ್ಟೇಟ್‌ನದೋ ಕೀಟೋನ್‌ನದೋ ಅಂತ ಬೇರೆ ಹುಡುಕಬೇಕು. ಹಾರ್ಟ್ ವೀಕ್ ಇರುವವರಿಗೂ ಇದೇ ಮಾತ್ರೆ ಕೊಡುತ್ತಾರೆ. "ಶುಗರ್ ಮಾತ್ರೆ ಯಾವುದು?" ಅಂತ ಕೇಳಿದರೆ ಇದರ ಹೆಸರೇ ಬರಲ್ಲ, ಅಲ್ವಾ? ಒಬ್ಬ ಅಜ್ಜಿ ಬಟ್ಟೆಯಂಗಡಿ ಕವರ್‌ನಲ್ಲಿ ಎಲ್ಲ ಸ್ಟ್ರಿಪ್ಪೂ ತುಂಬಿಕೊಂಡು ಬಂದಿದ್ದರು, ಅರ್ಧ ಖಾಲಿಯಾದವೂ ಇದ್ದವು. ದಯವಿಟ್ಟು ಹಾಗೇ ತನ್ನಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ.

ಹಾರ್ಟ್ ಅಟ್ಯಾಕ್ ಆಗಿ ತುರ್ತಾಗಿ ಬಂದವರಿಗೆ ಕಾಯುವ ಮಾತೇ ಇಲ್ಲ. ಡೇಟ್ ಕೊಟ್ಟು ಬರಹೇಳಿದವರು ಮಾತ್ರ ಆ ವಾರಗಳನ್ನು ಶುಗರ್ ಇಳಿಸಲು ಬಳಸಿಕೊಳ್ಳಿ.

ಐಸಿಯು ಹೊರಗೆ ಕೂತಾಗ ಡಾಕ್ಟರು "ಲ್ಯಾಕ್ಟೇಟ್ ಜಾಸ್ತಿ ಇದೆ" ಅಂದರೆ ಆ ಒಂದು ನಂಬರಿಗೇ ಕುಸಿಯಬೇಡಿ. "ಸಾರ್, ಇಳಿಯುತ್ತಾ ಇದೆಯಾ?" ಅಂತ ಕೇಳಿ. ಸಂಜೆ 5 ಇದ್ದದ್ದು ಬೆಳಿಗ್ಗೆಗೆ 2ಕ್ಕೆ ಬಂದರೆ ಒಳ್ಳೆಯ ಸುದ್ದಿ. ಇಳಿಯದಿದ್ದರೆ ಕಾರಣವನ್ನೂ ಕೇಳಿ. ಹೇಳಿಸಿಕೊಳ್ಳುವ ಹಕ್ಕು ನಿಮಗಿದೆ.